ಕುಶನ್ನಿನ ಒಳಗೇನಿದೆ?

ಕುಶನ್ ಕೆಲಸ ಕಲಿಯಲು ಸೇರಿದ ಮೊದಲ ವಾರಗಳಲ್ಲಿ ನನಗೆ ಸಿಕ್ಕಿದ್ದು ಬರೀ ಬಿಚ್ಚುವ ಕೆಲಸ. ಮೊಳೆ ಕಿತ್ತು ಬಟ್ಟೆ ತೆಗೆದರೆ ಹತ್ತಿ, ಅದರಡಿ ತೆಂಗಿನ ನಾರು, ಗೋಣಿತಟ್ಟು, ಸ್ಪ್ರಿಂಗು, ಕೊನೆಗೆ ಅಡ್ಡಡ್ಡ ಬಿಗಿದ ಪಟ್ಟಿ. ಒಳಗಿನದು ಬಿಚ್ಚಿದವನಿಗಷ್ಟೇ ಗೊತ್ತು, ಕೊಂಡವನಿಗಲ್ಲ.

ಈ ಕಸುಬಿನ ಇತಿಹಾಸದ ಜಗಳಗಳೂ ಅಲ್ಲಿಂದಲೇ ಹುಟ್ಟಿವೆ. 1495ರಲ್ಲಿ, ಏಳನೇ ಹೆನ್ರಿಯ ಕಾಲದಲ್ಲಿ, ಇಂಗ್ಲೆಂಡಿನ ಪಾರ್ಲಿಮೆಂಟು ಹಾಸಿಗೆ-ದಿಂಬುಗಳಿಗೆ ಏನು ತುಂಬಬಾರದೆಂದು ಕಾಯಿದೆಯನ್ನೇ ಮಾಡಿತು. ಸುಣ್ಣದ ತೊಟ್ಟಿಯಿಂದ ಬಂದ ಜಿಂಕೆ, ಮೇಕೆಗಳ ಕೂದಲು ಮೈಶಾಖಕ್ಕೆ ನಾರುತ್ತದೆ, ಜನ ಸಾಯುತ್ತಿದ್ದಾರೆ ಎಂಬುದು ದೂರು. (ಚರ್ಮ ಹದಮಾಡುವವರು ಕೂದಲು ಉದುರಿಸಲು ತೊಗಲನ್ನು ಸುಣ್ಣದಲ್ಲಿ ನೆನೆಹಾಕುತ್ತಿದ್ದರು, ಆ ಕಸ ಅಗ್ಗ.) ಸ್ವಾರಸ್ಯವೆಂದರೆ, ಅದೇ ಕಸವನ್ನು ಸ್ವಂತ ಮನೆಯ ಬಳಕೆಗೆ ತುಂಬಿಕೊಳ್ಳಲು ಅಡ್ಡಿಯಿರಲಿಲ್ಲ. ಮಾರಿದರೆ ಮಾತ್ರ ತಪ್ಪು! ಹಾಗಾಗಿ ನನಗಿದು ಆರೋಗ್ಯದ ಕಾಯಿದೆಗಿಂತ ಹೆಚ್ಚಾಗಿ ಸಂತೆಯ ಕಾಯಿದೆಯಾಗಿ ಕಾಣುತ್ತದೆ. ಲಂಡನ್ನಿನ ಕುಶನ್ ಕಸುಬಿನವರ ಸಂಘಕ್ಕೆ ರಾಜಸನದು ಸಿಕ್ಕಿದ್ದು 1626ರಲ್ಲಿ.

ಸ್ಪ್ರಿಂಗು ಬಂದದ್ದು ಬಹಳ ತಡವಾಗಿ. ವಿಯೆನ್ನಾದ ಗೇಯೋರ್ಗ್ ಯೂನಿಗ್ಲ್ 1822ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಲಂಡನ್ನಿನ ಸ್ಯಾಮ್ಯುಯೆಲ್ ಪ್ರ್ಯಾಟ್ 1826ರಲ್ಲಿ ಪಡೆದದ್ದು ಹಡಗಿನ ಓಲಾಟದ ವಾಕರಿಕೆ ತಡೆಯುವ ಆಸನಕ್ಕೆ. ಸ್ಪ್ರಿಂಗು ಕೂರಿಸಲು ಸೀಟು ದಪ್ಪವಾಯಿತು. ಮುಚ್ಚಿಡಲು ಜಾಗವೂ ಹೆಚ್ಚಿತು. ಇಂದಿಗೂ ಗಿರಾಕಿಗಳು ಬಟ್ಟೆಯ ಬಣ್ಣಕ್ಕೆ ಅರ್ಧ ಗಂಟೆ ಚರ್ಚಿಸುತ್ತಾರೆ, ಒಳಗೇನು ತುಂಬುತ್ತೀರಿ ಎಂದು ಕೇಳುವವರು ಅಪರೂಪ.

ಪರದೆ ಹಾಗಲ್ಲ. ತುಂಬು ನೆರಿಗೆಗೆ ಕಿಟಕಿಯ ಅಗಲದ ಸುಮಾರು ಎರಡು ಪಟ್ಟು ಬಟ್ಟೆ ಬೇಕು. ಅರ್ಧ ಮೀಟರ್ ಉಳಿಸಲು ಹೋದರೆ ತೂಗುಹಾಕಿದ ದಿನವೇ ಬಯಲಾಗುತ್ತದೆ.