ಸಾವಿನ ದುಡ್ಡು, ಊರಿನ ಪಿಸುಮಾತು

ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

2019ರ ಫೆಬ್ರವರಿ 14. ಪುಲ್ವಾಮಾದಲ್ಲಿ ಸಿಆರ್‌ಪಿಎಫ್‌ನ 40 ಜವಾನರು ಸತ್ತರು. ಅವರಲ್ಲಿ ನಮ್ಮ ಮದ್ದೂರು ತಾಲ್ಲೂಕಿನ ಗುಡಿಗೆರೆಯ ಎಚ್. ಗುರು ಒಬ್ಬರು. ಬಟ್ಟೆ ಒಗೆದು, ಇಸ್ತ್ರಿ ಮಾಡಿ ಬದುಕಿದ ಮನೆಯ ಮಗ. ಅಂತ್ಯಕ್ರಿಯೆ ಆಗಿದ್ದು ಮೆಳ್ಳಹಳ್ಳಿ ಹತ್ತಿರದ ಸರ್ಕಾರಿ ಜಾಗದಲ್ಲಿ. ನಿಡಘಟ್ಟದ ನಮಗೂ ಅದು ಮನೆಯ ಸಾವೇ ಆಗಿತ್ತು.

ಮಂಡ್ಯದ ಎಲ್‌ಐಸಿ ಶಾಖೆ 48 ಗಂಟೆಯೊಳಗೆ ಗುರು ಅವರ ವಿಮೆಯ 3,82,199 ರೂಪಾಯಿ ಕೊಟ್ಟಿತು. ಮರಣ ಪ್ರಮಾಣಪತ್ರವನ್ನೂ ಕೇಳಲಿಲ್ಲ. ಆಮೇಲೆ ಸರ್ಕಾರ, ಸಂಘ ಸಂಸ್ಥೆಗಳ ನೆರವು ಘೋಷಣೆಯಾಯ್ತು. ಅದರ ಹಿಂದೆಯೇ ಶುರುವಾಯ್ತು ನೋಡಿ, "ಎಷ್ಟು ಬಂತಂತೆ? ಯಾರ ಕೈಗೆ ಸೇರ್ತಂತೆ?" ಮನೆಯೊಳಗಿನ ಮನಸ್ತಾಪ ಟಿವಿಗೆ ಬಂತು. ಗಂಡನ್ನ ಕಳಕೊಂಡ ಹೆಣ್ಣುಮಗಳ ಬದುಕು ಅರಳಿಕಟ್ಟೆಯ ಹರಟೆಯಾಯ್ತು.

ಇದು ನಮ್ಮೂರಿನ ಕಾಯಿಲೆ ಮಾತ್ರ ಅಲ್ಲ. ನ್ಯೂಯಾರ್ಕ್‌ನ ಅವಳಿ ಗೋಪುರಗಳನ್ನು ಲ್ಯಾರಿ ಸಿಲ್ವರ್‌ಸ್ಟೀನ್ ಗುತ್ತಿಗೆಗೆ ಪಡೆದದ್ದು 2001ರ ಜುಲೈನಲ್ಲಿ. ಸೆಪ್ಟೆಂಬರ್ 11ಕ್ಕೆ ಅವು ಬಿದ್ದವು. ವಿಮೆ ಇದ್ದದ್ದು ಒಂದು ಘಟನೆಗೆ 355 ಕೋಟಿ ಡಾಲರ್. ಎರಡು ವಿಮಾನ ಬಡಿದಿವೆ, ಹಾಗಾಗಿ ಎರಡು ಘಟನೆ ಅಂತ ಇವರು. ಒಂದೇ ದಾಳಿ, ಒಂದೇ ಘಟನೆ ಅಂತ ಕಂಪನಿಗಳು. ವ್ಯಾಜ್ಯ 2007ರವರೆಗೆ ಎಳೆಯಿತು. ಕಟ್ಟಡ, ಗುತ್ತಿಗೆ, ವಿಮೆ ಎಲ್ಲದಕ್ಕೂ ದಾಖಲೆ ಇದ್ದರೂ "ದುಡ್ಡಿಗಾಗಿ ಅವನೇ ಬೀಳಿಸಿದ" ಅನ್ನೋ ಕಥೆ ಇವತ್ತಿಗೂ ಓಡ್ತಿದೆ. ಯಾಕೆ? ಆತ ಯಹೂದಿ. ಪಿಸುಮಾತಿಗೆ ಸಾಕ್ಷಿ ಬೇಕಿಲ್ಲ, ಮೊದಲೇ ದ್ವೇಷಿಸೋಕೆ ಒಬ್ಬರು ಇದ್ದರೆ ಸಾಕು.

ಈ ಮಾತು ನಮಗೆ ಹೊಸದಾ? "ಪರಿಹಾರದ ಆಸೆಗೆ ಅಟ್ರಾಸಿಟಿ ಕೇಸು ಹಾಕ್ತಾರೆ" ಅಂತ ಎಷ್ಟು ಸಲ ಕೇಳಿಲ್ಲ ನಾವು?

ಅದಕ್ಕೇ ನಮ್ಮ ಬಳಗಕ್ಕೂ ಒಂದು ಮಾತು. ಪುಲ್ವಾಮಾ ಬಗ್ಗೆ "ಚುನಾವಣೆಗಾಗಿ ಮಾಡಿಸಿದ್ದು" ಅನ್ನೋ ಮೆಸೇಜು ನಮ್ಮ ಗ್ರೂಪುಗಳಲ್ಲೂ ಓಡಾಡಿದೆ. ಸಾಕ್ಷಿ ಇಲ್ಲದ್ದನ್ನ ದಯವಿಟ್ಟು ಹಂಚಬೇಡಿ. ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ. ಜವಾನರನ್ನು ಸಾಗಿಸಲು ವಿಮಾನ ಕೇಳಿದ್ದರು, ಕೊಡಲಿಲ್ಲ ಅಂತ ಆಗ ಜಮ್ಮು ಮತ್ತು ಕಾಶ್ಮೀರದ ರಾಜ್ಯಪಾಲರಾಗಿದ್ದ ಸತ್ಯಪಾಲ್ ಮಲಿಕ್ 2023ರಲ್ಲಿ ಹೇಳಿದರು. ಇದಕ್ಕೆ ಉತ್ತರ ಕೇಳೋಣ. ಪಿಸುಮಾತು ಹಬ್ಬಿಸಿದರೆ ಉತ್ತರ ಕೊಡಬೇಕಾದವರಿಗೇ ಲಾಭ. ನಮ್ಮ ಪ್ರಶ್ನೆಯನ್ನೂ ಅದರ ಜೊತೆ ಕಸಕ್ಕೆ ಹಾಕ್ತಾರೆ.

ಇನ್ನೊಂದು ಪ್ರಶ್ನೆ ನಮ್ಮ ತಾಲ್ಲೂಕಿನದ್ದೇ. ಮ್ಯಾನ್‌ಹೋಲಿಗೆ ಇಳಿಸಲ್ಪಟ್ಟ ಮದ್ದೂರಿನ ಪೌರಕಾರ್ಮಿಕರೊಬ್ಬರು 2021ರ ಜನವರಿಯಲ್ಲಿ ಜೀವ ಬಿಟ್ಟರು. ಅವರಿಗೆ ನ್ಯಾಯ ಕೇಳೋಕೆ ಸಂಘಟನೆಗಳು ಬೀದಿಗೆ ಬರಬೇಕಾಯ್ತು. 1993ರಿಂದ ಮಲಗುಂಡಿ, ಚರಂಡಿಗಳಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ, 2023ರಲ್ಲಿ ಅದನ್ನ 30 ಲಕ್ಷ ಮಾಡಿದೆ. ಆದರೂ ನಮ್ಮೋರು ಸಾವನ್ನ ಸಾಬೀತು ಮಾಡ್ತಾ ಕಚೇರಿಯಿಂದ ಕಚೇರಿಗೆ ಅಲೀಬೇಕು.

ಮನಸ್ಸಿದ್ದರೆ ಕಾಗದ ಕೇಳದೆಯೂ ನಂಬಬಹುದು ಅಂತ ಗುಡಿಗೆರೆಯಲ್ಲಿ ಕಂಡಿದ್ದೇವೆ. ಆ ನಂಬಿಕೆ ಗುಂಡಿಗೆ ಇಳಿದು ಸತ್ತವರ ಮನೆಗೆ ಯಾವಾಗ ಬರುತ್ತೆ?

ಜೈ ಭೀಮ್.