ಹರಾಜಿಗೆ ಬಂದ ರಾಣಿಯರು, ಅಜ್ಜಿಯ ತೋಳಿನ ಕಲೆ

ನಮ್ಮಜ್ಜಿಯ ತೋಳಿನ ಮೇಲೆ ನಾಲ್ಕಾಣೆ ಅಗಲದ ಒಂದು ಕಲೆ ಇದೆ. ಚಿಕ್ಕವನಿದ್ದಾಗ ಕೇಳಿದ್ರೆ “ಮೈಲಿ ಹಾಕಿದ್ದಪ್ಪಾ” ಅಂತಿದ್ದಳು. ಆಗೆಲ್ಲ ಕೊಟ್ಟೂರಿಗೆ ಮೈಲಿ ಹಾಕೋರು ಬಂದ್ರು ಅಂದ್ರೆ ಮಕ್ಕಳನ್ನ ಬಚ್ಚಿಡ್ತಿದ್ರಂತೆ. ಸಿಡುಬು ಅನ್ನೋ ಹಂಗಿಲ್ಲ, ‘ಅಮ್ಮ’ ಅನ್ನಬೇಕು. ಅಜ್ಜಿ ಸಿಕ್ಕಿಬಿದ್ದಳು, ಅವಳ ಅಣ್ಣ ತಪ್ಪಿಸಿಕೊಂಡ. ಮರುವರ್ಷ ಅಮ್ಮ ಬಂದು ಅವನನ್ನ ಕರಕೊಂಡು ಹೋದಳು.

ಮೊನ್ನೆ ಆಫೀಸಿನಲ್ಲಿ ಬಿಲ್ಡ್ ಮುಗಿಯೋದನ್ನ ಕಾಯ್ತಾ ಕೂತಿದ್ದಾಗ ಒಂದು ಹಳೇ ತೈಲಚಿತ್ರ ಕಣ್ಣಿಗೆ ಬಿತ್ತು. ಮೂವರು ಹೆಂಗಸರು, ಮೈತುಂಬ ಒಡವೆ. ಬರೆದವನು ಥಾಮಸ್ ಹಿಕಿ. 1741ರಲ್ಲಿ ಡಬ್ಲಿನ್ನಿನಲ್ಲಿ ಹುಟ್ಟಿ 1824ರಲ್ಲಿ ಮದರಾಸಿನಲ್ಲಿ ತೀರಿಕೊಂಡವನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿ ಕಾದಾಡಿದ ಕಂಪನಿ ಅಧಿಕಾರಿಗಳ ಮುಖಗಳನ್ನೆಲ್ಲ ಬರೆದವನೂ ಇವನೇ. ಈ ಚಿತ್ರ 1805ರ ಸುಮಾರಿನದು. 2007ರಲ್ಲಿ ಸೋದಬೀಸ್ ಇದನ್ನ ಹರಾಜಿಗಿಟ್ಟಿತ್ತು.

ಬಹಳ ಕಾಲ ಇವರನ್ನ ನರ್ತಕಿಯರು ಅಂತಲೇ ತಿಳಿದಿದ್ರಂತೆ! ಆಮೇಲೆ ಕೇಂಬ್ರಿಜ್ಜಿನ ಇತಿಹಾಸಕಾರ ನೈಜೆಲ್ ಚಾನ್ಸಲರ್, ಇವರು ಮೈಸೂರು ಅರಮನೆಯವರು ಅಂತ ವಾದಿಸಿದರು. ಬಲಗಡೆಯವಳು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ. ಎಡಗಡೆ ಇರೋ ಹಿರಿಯ ರಾಣಿಯ ಹೆಸರೂ ಅದೇ. ಕಿರಿಯ ರಾಣಿ ಸೀರೆ ಸರಿಸಿ ತೋಳು ತೋರಿಸ್ತಾ ಇದ್ದಾಳೆ. ಅದು ಮೈಲಿ ಹಾಕಿಸಿಕೊಂಡ ಜಾಗ ಅನ್ನೋದು ಅವರ ಊಹೆ. ಜೆನ್ನರ್ 1796ರಲ್ಲಿ ಕಂಡುಹಿಡಿದ ಲಸಿಕೆ 1802ರಲ್ಲಿ ಮುಂಬಯಿಗೆ ಬಂದಿತ್ತು. ದನದ ಸಿಡುಬಿನಿಂದ ತೆಗೆದ ಮದ್ದು ಅಂತ ಜನ ಹೆದರುತ್ತಿದ್ದರು. ರಾಣಿಯೇ ಹಾಕಿಸಿಕೊಂಡಿದ್ದಾಳೆ ನೋಡಿ ಅಂತ ತೋರಿಸೋಕೆ ಈ ಚಿತ್ರ ಅಂತಾರೆ ಅವರು.

ಅಲ್ಲಾ, ನಮ್ಮ ಕಡೆಗೆ ಇಂಥ ಚಿತ್ರ ಯಾಕೆ ಬರಲಿಲ್ಲ? ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದವು. ಆದರೆ ಬಳ್ಳಾರಿ ಸೀಮೆಯನ್ನ ನಿಜಾಮ ಕಂಪನಿಗೆ ಬಿಟ್ಟುಕೊಟ್ಟಿದ್ದು 1800ರಲ್ಲೇ. ಮೈಸೂರಿನಲ್ಲಿ ರಾಜ ಉಳಿದ, ಅರಮನೆ ಉಳಿಯಿತು, ಚಿತ್ರಕಾರನಿಗೆ ಕೆಲಸ ಸಿಕ್ಕಿತು. ನಮ್ಮಲ್ಲಿಗೆ ಬಂದವರು ಕಲೆಕ್ಟರ್ ಥಾಮಸ್ ಮನ್ರೋ ಮತ್ತು ಹೊಲ ಅಳೆಯೋರು. ನಮ್ಮ ಹಿರಿಯರ ಮುಖ ಯಾರೂ ಬರೆಯಲಿಲ್ಲ, ಅವರ ಹೊಲದ ಕಂದಾಯ ಮಾತ್ರ ಬರೆದುಕೊಂಡರು.

ಇದಕ್ಕೆ ಹಿಕಿಯನ್ನ ಬೈದು ಏನು ಪ್ರಯೋಜನ? ಕ್ಯಾನ್ವಾಸಿನ ಮೇಲೆ ಇದ್ದ ರಾಣಿಯರೇ ಇನ್ನೂರು ವರ್ಷ ಹೆಸರಿಲ್ಲದೆ ಕಳೆದುಹೋಗಿದ್ದರು. ಮುಖ ಇತ್ತು, ಹೆಸರು ಇರಲಿಲ್ಲ. ಅಜ್ಜಿಯ ಅಣ್ಣನದು ಇದಕ್ಕೆ ಉಲ್ಟಾ. ಹೆಸರು ಅಜ್ಜಿಗೆ ಗೊತ್ತು, ಮುಖ ಎಲ್ಲೂ ಇಲ್ಲ.

ಸಿಡುಬು ಭೂಮಿಯ ಮೇಲೇ ಇಲ್ಲ ಅಂತ 1980ರಲ್ಲಿ ಘೋಷಣೆಯಾಯ್ತು. ನಮ್ಮ ತಲೆಮಾರಿನವರ ತೋಳಲ್ಲಿ ಆ ಕಲೆ ಇಲ್ಲ.

ಹೋದ ವಾರ ಊರಿಗೆ ಹೋದಾಗ ಅಜ್ಜಿಯ ಫೋಟೋ ತೆಗೆದೆ. “ಸೆರಗು ಸ್ವಲ್ಪ ಸರಿಸಜ್ಜಿ, ತೋಳು ಕಾಣಲಿ” ಅಂದೆ. “ಇದರಾಗ ಏನೈತಪ್ಪಾ ನೋಡೋದು!” ಅಂತ ನಕ್ಕಳು. ಪ್ರಿಂಟ್ ಹಾಕಿಸಿ, ಹಿಂದುಗಡೆ ಅವಳ ಹೆಸರು ಬರೆದೆ. ಅದರ ಕೆಳಗೆ ಅವಳ ಅಣ್ಣನ ಹೆಸರನ್ನೂ ಬರೆದೆ.