ಕಾರ್ಡು ನಮ್ಮದು, ಒಪ್ಪಿಗೆ ಯಾರದು?

ನಮ್ಮ ಮನೆಗೆ ಮೊದಲ ಎಟಿಎಂ ಕಾರ್ಡು ಬಂದಾಗ ನಾನು ಏಳನೆಯ ತರಗತಿಯಲ್ಲಿದ್ದೆ. ಅಮ್ಮ ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಶಿಕ್ಷಕಿ. ದುಡಿಮೆ ಅವಳದ್ದು, ಖಾತೆ ಅವಳದ್ದು, ಕಾರ್ಡಿನ ಮೇಲಿದ್ದ ಹೆಸರೂ ಅವಳದ್ದೇ. ಆದರೆ ಕಾರ್ಡು ಇದ್ದದ್ದು ಅಪ್ಪನ ಪಾಕೀಟಿನಲ್ಲಿ, ಪಿನ್ ಇದ್ದದ್ದು ಅಪ್ಪನ ತಲೆಯಲ್ಲಿ. ಇದರಲ್ಲಿ ಯಾರ ದಬ್ಬಾಳಿಕೆಯೂ ಇರಲಿಲ್ಲ. "ಆ ಮೆಷಿನ್ ಎದುರು ನಿಂತ್ರೆ ನನಗೆ ಕೈ ನಡುಗ್ತದೆ, ನೀವೇ ತನ್ನಿ" ಎಂದು ಹೇಳಿದವಳು ಅಮ್ಮನೇ.

ಆರು ವರ್ಷಗಳ ಹಿಂದೆ ಅಪ್ಪ ತೀರಿಕೊಂಡರು. ಕಾರ್ಡು ನನ್ನ ಕೈಗೆ ಬಂತು. ಎಂ.ಟೆಕ್ ಓದಿ, ಹಣ ಪಾವತಿಯ ಸಾಫ್ಟ್‌ವೇರ್ ಬರೆಯುವುದನ್ನೇ ಉದ್ಯೋಗ ಮಾಡಿಕೊಂಡವಳು ನಾನು. ಅಮ್ಮನಿಗೆ ತೊಂದರೆ ಬೇಡವೆಂದು ಅವಳ ಖಾತೆಗೆ ನನ್ನ ಮೊಬೈಲ್ ನಂಬರನ್ನೇ ಕೊಟ್ಟೆ. ಕಳೆದ ವರ್ಷ ಅಮ್ಮ ತನ್ನ ನಿವೃತ್ತ ಗೆಳತಿಯರ ಜೊತೆ ಉಡುಪಿಗೆ ಹೋಗಲು ರೈಲಿನ ಟಿಕೆಟ್ ಮಾಡಿಸಲು ಕುಳಿತಳು. ಅಂದು ಕಾರ್ಡು ಅವಳ ಕೈಯಲ್ಲೇ ಇತ್ತು. ಆದರೆ ಒಟಿಪಿ ಬಂದದ್ದು ನನ್ನ ಫೋನಿಗೆ. ನಾನು ಮೀಟಿಂಗಿನಲ್ಲಿದ್ದೆ, ಫೋನು ಮೌನವಾಗಿತ್ತು. ಹೊರಗೆ ಬಂದು ನೋಡಿದರೆ ಅಮ್ಮನ ಏಳು ಮಿಸ್ಡ್ ಕಾಲ್. ಅಷ್ಟರಲ್ಲಿ ಟಿಕೆಟ್ ಮುಗಿದಿತ್ತು.

ಸಂಜೆ ಅಮ್ಮ ಸಿಟ್ಟು ಮಾಡಲಿಲ್ಲ. ಚಹಾ ಕೊಟ್ಟು ಕೇಳಿದಳು: "ಮೂವತ್ತೆರಡು ವರ್ಷ ಪಾಠ ಮಾಡಿದ್ದೇನೆ ಮಾರಾಯ್ತಿ. ನನ್ನ ಪಿಂಚಣಿ ಖರ್ಚು ಮಾಡ್ಲಿಕ್ಕೆ ಮೊದಲು ನಿನ್ನ ಅಪ್ಪನನ್ನು ಕೇಳ್ಬೇಕಿತ್ತು, ಈಗ ನಿನ್ನನ್ನು ಕೇಳ್ಬೇಕಾ?"

ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ಕಾರ್ಡಿನ ಚರಿತ್ರೆಯನ್ನೇ ಮತ್ತೊಮ್ಮೆ ಓದಬೇಕಾಯಿತು. ಗೆಳತಿಯರೇ, ಅದನ್ನೇ ಇಲ್ಲಿ ನಿಮ್ಮೊಡನೆ ಹಂಚಿಕೊಳ್ಳುತ್ತಿದ್ದೇನೆ.

ನಮ್ಮ ಕಚೇರಿಯ ಭಾಷೆಯಲ್ಲಿ ಆಥರೈಸೇಶನ್ ಎಂಬ ದೊಡ್ಡ ಪದವಿದೆ. ಕನ್ನಡದಲ್ಲಿ ಅದು ಸರಳ: ಒಪ್ಪಿಗೆ. ಕಾರ್ಡು ಉಜ್ಜಿದಾಗಲೆಲ್ಲ ಎರಡು ಪ್ರಶ್ನೆಗಳು ಏಳುತ್ತವೆ. ಕಾರ್ಡು ಹಿಡಿದು ಬಂದವರು ನಿಜವಾದ ಒಡೆಯರೇ? ಖಾತೆಯಲ್ಲಿ ಅಷ್ಟು ಹಣವಿದೆಯೇ? ಈ ಎರಡು ಪ್ರಶ್ನೆಗಳಿಗೆ ಯಾರು, ಹೇಗೆ ಉತ್ತರ ಕೊಡುತ್ತಾರೆ ಎಂಬುದೇ ಕಾರ್ಡಿನ ಇಡೀ ಚರಿತ್ರೆ.

1950ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಡೈನರ್ಸ್ ಕ್ಲಬ್ ಕಾರ್ಡು ಬರೀ ರಟ್ಟಿನದ್ದು. 1958ರಲ್ಲಿ ಕ್ಯಾಲಿಫೋರ್ನಿಯದ ಫ್ರೆಸ್ನೊ ಊರಿನಲ್ಲಿ ಬ್ಯಾಂಕ್ ಆಫ್ ಅಮೆರಿಕ ಒಂದು ಕ್ರೆಡಿಟ್ ಕಾರ್ಡನ್ನು ಹಂಚಿತು. 1976ರಲ್ಲಿ ವೀಸಾ ಎಂದು ಹೆಸರು ಬದಲಿಸಿಕೊಂಡದ್ದು ಅದೇ. ಆಗ ಒಪ್ಪಿಗೆ ಕೊಡುತ್ತಿದ್ದವನು ಅಂಗಡಿಯವನು. ಸಹಿ ಹೋಲುತ್ತದೆಯೇ ಎಂದು ನೋಡುವುದು, ಕಳೆದುಹೋದ ಕಾರ್ಡುಗಳ ನಂಬರು ಅಚ್ಚಾದ ಪುಸ್ತಿಕೆಯಲ್ಲಿ ಹುಡುಕುವುದು, ಮೊತ್ತ ದೊಡ್ಡದಾದರೆ ಬ್ಯಾಂಕಿಗೆ ಫೋನು ಮಾಡಿ ಕಾಯುವುದು. ಈ ಕೆಲಸವನ್ನು ಕಂಪ್ಯೂಟರಿಗೆ ವಹಿಸುವ ವ್ಯವಸ್ಥೆ ಆ ಜಾಲದಲ್ಲಿ ಬಂದದ್ದು 1973ರಲ್ಲಿ. ಅದೇ ಅಮೆರಿಕದಲ್ಲಿ, ಮದುವೆಯಾದ ಹೆಣ್ಣುಮಕ್ಕಳು ಕಾರ್ಡು ಕೇಳಿದರೆ ಗಂಡನ ಸಹಿ ತರಲು ಹೇಳುವುದು ಮಾಮೂಲಾಗಿತ್ತು. ಸಾಲ ಕೊಡುವಾಗ ಹೆಣ್ಣು ಗಂಡೆಂಬ ಭೇದ ಮಾಡಬಾರದು ಎಂಬ ಕಾನೂನು ಅಲ್ಲಿ ಬಂದದ್ದು 1974ರಲ್ಲಿ. ನಮ್ಮಮ್ಮನ ಕಥೆ ನಮ್ಮ ಮನೆಯದ್ದು ಮಾತ್ರವಲ್ಲ ಎಂದು ಆಗ ನನಗೆ ಅನಿಸಿತು.

ಈ ಚರಿತ್ರೆಯಲ್ಲಿ ಇಬ್ಬರು ಗೃಹಿಣಿಯರು ಬರುತ್ತಾರೆ. ಎಂಜಿನಿಯರಿಂಗ್ ಪುಸ್ತಕಗಳಲ್ಲಿ ಅವರ ಹೆಸರನ್ನು ನಾನು ಓದಿರಲಿಲ್ಲ.

1960ರ ದಶಕದ ಆರಂಭದಲ್ಲಿ ಐಬಿಎಂ ಕಂಪನಿಯ ಎಂಜಿನಿಯರ್ ಫಾರೆಸ್ಟ್ ಪ್ಯಾರಿ ಕಾಂತೀಯ ಟೇಪಿನ ತುಂಡೊಂದನ್ನು ಪ್ಲಾಸ್ಟಿಕ್ ಕಾರ್ಡಿಗೆ ಅಂಟಿಸಲು ಹೆಣಗುತ್ತಿದ್ದರು. ಯಾವ ಗೋಂದು ಹಚ್ಚಿದರೂ ಟೇಪು ಕೆಡುತ್ತಿತ್ತು. ಬೇಸರದಿಂದ ಮನೆಗೆ ಬಂದಾಗ ಹೆಂಡತಿ ಡೊರೊಥಿಯಾ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದರಂತೆ. "ಇಸ್ತ್ರಿಪೆಟ್ಟಿಗೆಯಿಂದಲೇ ಒತ್ತಿ ನೋಡಿ" ಎಂಬ ಅರ್ಥದ ಸಲಹೆ ಅವರದ್ದು. ಅದು ಫಲಿಸಿತು. ಕಾರ್ಡಿನ ಹಿಂಬದಿಯ ಕಪ್ಪು ಪಟ್ಟಿ ಹುಟ್ಟಿದ್ದು ಹಾಗೆ.

ಎರಡನೆಯದು ಪಿನ್ನಿನ ಕಥೆ. 1967ರ ಜೂನ್ 27ರಂದು ಲಂಡನ್ನಿನ ಎನ್‌ಫೀಲ್ಡಿನಲ್ಲಿ ಬಾರ್ಕ್ಲೇಸ್ ಬ್ಯಾಂಕಿನ ಗೋಡೆಯಲ್ಲಿ ಹಣ ಕೊಡುವ ಯಂತ್ರ ಆರಂಭವಾಯಿತು. ಅದರ ಹಿಂದಿದ್ದ ಜಾನ್ ಶೆಫರ್ಡ್ ಬ್ಯಾರನ್ ಹುಟ್ಟಿದ್ದು ನಮ್ಮ ಶಿಲ್ಲಾಂಗಿನಲ್ಲಿ. ಗುಪ್ತಸಂಖ್ಯೆ ಆರು ಅಂಕಿಯದ್ದಾಗಿರಲಿ ಎಂಬುದು ಅವರ ಎಣಿಕೆ. ಅಡುಗೆಮನೆಯ ಮೇಜಿನ ಬಳಿ ಹೆಂಡತಿ ಕ್ಯಾರೊಲಿನ್, ನನಗೆ ನೆನಪಿಡಲು ಆಗುವುದು ನಾಲ್ಕೇ ಎಂದರು. ಹಾಗಾಗಿ ನಾಲ್ಕಾಯಿತು ಎಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಪಿನ್ ಬಳಸುವ ವಿಧಾನಕ್ಕೆ ಸ್ಕಾಟ್ಲೆಂಡಿನ ಜೇಮ್ಸ್ ಗುಡ್‌ಫೆಲೊ 1966ರಲ್ಲೇ ಪೇಟೆಂಟಿಗೆ ಅರ್ಜಿ ಹಾಕಿದ್ದರು. ಕೀರ್ತಿ ಯಾರಿಗೆ ಎಂಬ ಚರ್ಚೆ ಇದ್ದೇ ಇದೆ. ಆದರೆ ನಾವು ದಿನವೂ ಒತ್ತುವ ನಾಲ್ಕು ಅಂಕಿಗಳ ಹಿಂದೆ ಒಬ್ಬ ಹೆಣ್ಣುಮಗಳ ನೆನಪಿನ ಅಳತೆ ಇದೆ ಎಂಬುದು ನನಗೆ ಇಷ್ಟವಾದ ಸಂಗತಿ.

ಇನ್ನು ನಮ್ಮ ನಾಡಿಗೆ ಬರೋಣ. ಬ್ಯಾಂಕು ಎಂದರೆ ಕರಾವಳಿಯವರಿಗೆ ಮನೆಯ ಮಾತು. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಈ ನಾಲ್ಕೂ ಹುಟ್ಟಿದ್ದು ಅಂದಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಆರಂಭಿಸಿದ ಪಿಗ್ಮಿ ಯೋಜನೆಯಲ್ಲಿ ದಿನಕ್ಕೆ ಎರಡಾಣೆ ಕಟ್ಟಿದರೂ ಸಾಕಿತ್ತು, ಏಜೆಂಟರು ಮನೆ ಬಾಗಿಲಿಗೇ ಬರುತ್ತಿದ್ದರು. ನನ್ನ ಅಜ್ಜಿಯೂ ಹೂ ಮಾರಿದ ದುಡ್ಡಿನಲ್ಲಿ ಪಿಗ್ಮಿ ಕಟ್ಟಿದವಳು. ಪಿಗ್ಮಿ ಪುಸ್ತಕವನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಡುತ್ತಿದ್ದಳಂತೆ. ಶಾಲೆಯ ಮುಖ ನೋಡದ ಅಜ್ಜಿಯ ಉಳಿತಾಯ ಅವಳ ಕೈಯಲ್ಲೇ ಇತ್ತು. ಶಾಲೆಯಲ್ಲಿ ಕಲಿಸಿದ ಅಮ್ಮನ ಕಾರ್ಡು ಅವಳ ಕೈಯಲ್ಲಿರಲಿಲ್ಲ.

ಭಾರತದ ಮೊದಲ ಎಟಿಎಂ 1987ರಲ್ಲಿ ನಮ್ಮ ಮುಂಬಯಿಯಲ್ಲೇ ಬಂತು, ಎಚ್‌ಎಸ್‌ಬಿಸಿ ಬ್ಯಾಂಕಿನದ್ದು. ಆಗ ಒಂದು ಬ್ಯಾಂಕಿನ ಕಾರ್ಡು ಆ ಬ್ಯಾಂಕಿನ ಯಂತ್ರದಲ್ಲಿ ಮಾತ್ರ ನಡೆಯುತ್ತಿತ್ತು. 1997ರಲ್ಲಿ ಭಾರತೀಯ ಬ್ಯಾಂಕುಗಳ ಸಂಘ ಮುಂಬಯಿಯಲ್ಲಿ ಸ್ವಧನ್ ಎಂಬ ಹಂಚಿಕೆಯ ಜಾಲವನ್ನು ನಡೆಸಿ ನೋಡಿತು. 2004ರಲ್ಲಿ ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆ ನ್ಯಾಷನಲ್ ಫೈನಾನ್ಷಿಯಲ್ ಸ್ವಿಚ್ ಆರಂಭಿಸಿತು. ಯಾವ ಬ್ಯಾಂಕಿನ ಕಾರ್ಡನ್ನು ಯಾವ ಬ್ಯಾಂಕಿನ ಎಟಿಎಂಗೆ ಹಾಕಿದರೂ ಇಂದು ಹಣ ಬರುವುದು ಅದರಿಂದಾಗಿ. 2008ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಪಾವತಿ ನಿಗಮ, ಅಂದರೆ ಎನ್‌ಪಿಸಿಐ, ಮುಂದೆ ಆ ಸ್ವಿಚ್ಚನ್ನು ವಹಿಸಿಕೊಂಡಿತು. 2012ರಲ್ಲಿ ರುಪೇ ಕಾರ್ಡನ್ನೂ ತಂದಿತು. 2014ರ ಜನಧನ ಯೋಜನೆಯಲ್ಲಿ ಖಾತೆಯ ಜೊತೆಗೆ ಕೊಟ್ಟದ್ದು ರುಪೇ ಕಾರ್ಡನ್ನೇ. ಆ ಖಾತೆದಾರರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಮಹಿಳೆಯರು.

ಕಾರ್ಡುಗಳ ಬಗೆಯ ಬಗ್ಗೆ ನನ್ನನ್ನು ಬಹಳ ಮಂದಿ ಕೇಳುತ್ತಾರೆ. ಬರೀ ಎಟಿಎಂ ಕಾರ್ಡಾದರೆ ಅದು ಹಣ ತೆಗೆಯಲು ಮಾತ್ರ. ಡೆಬಿಟ್ ಕಾರ್ಡು ಅಂಗಡಿಯಲ್ಲೂ ಆನ್‌ಲೈನಿನಲ್ಲೂ ನಡೆಯುತ್ತದೆ, ಹಣ ನಮ್ಮ ಖಾತೆಯಿಂದಲೇ ಹೋಗುತ್ತದೆ. ರುಪೇ, ವೀಸಾ, ಮಾಸ್ಟರ್‌ಕಾರ್ಡ್ ಎಂಬುವು ಬ್ಯಾಂಕುಗಳಲ್ಲ. ಸಂದೇಶ ಸಾಗಿಸುವ ಜಾಲಗಳು. ಕಪ್ಪು ಪಟ್ಟಿಯಲ್ಲಿರುವ ಮಾಹಿತಿ ಯಾವಾಗಲೂ ಒಂದೇ ಆಗಿರುವುದರಿಂದ ಅದನ್ನು ನಕಲು ಮಾಡುವುದು ಸುಲಭ. ಚಿಪ್ಪು ಪ್ರತಿ ವ್ಯವಹಾರಕ್ಕೂ ಹೊಸದೊಂದು ಸಂಕೇತ ತಯಾರಿಸುತ್ತದೆ, ಇಂದಿನದನ್ನು ಕದ್ದರೆ ನಾಳೆ ಉಪಯೋಗವಿಲ್ಲ. ಅದಕ್ಕಾಗಿಯೇ ಬರೀ ಪಟ್ಟಿಯ ಕಾರ್ಡುಗಳನ್ನು 2018ರ ಡಿಸೆಂಬರ್ 31ರೊಳಗೆ ಚಿಪ್ ಕಾರ್ಡುಗಳಾಗಿ ಬದಲಿಸಲು ರಿಸರ್ವ್ ಬ್ಯಾಂಕ್ ಹೇಳಿತ್ತು. ಕಾರ್ಡಿನ ಮೇಲೆ ಅಲೆಯಂತಹ ನಾಲ್ಕು ಗೆರೆಗಳಿದ್ದರೆ ಅದು ಮುಟ್ಟಿಸಿದರೆ ಸಾಕಾಗುವ ಕಾರ್ಡು. ಅದರಲ್ಲಿ ಪಿನ್ ಇಲ್ಲದೆ 2,000 ರೂಪಾಯಿವರೆಗೆ ಇದ್ದ ಮಿತಿ 2021ರ ಜನವರಿಯಿಂದ 5,000ಕ್ಕೆ ಏರಿತು.

ಈಗ ಒಪ್ಪಿಗೆಯ ದಾರಿ ನೋಡಿ. ಮಾಟುಂಗದ ಅಂಗಡಿಯಲ್ಲಿ ಸೀರೆ ಕೊಂಡು ಕಾರ್ಡು ಹಾಕಿ ಪಿನ್ ಒತ್ತುತ್ತೀರಿ. ಯಂತ್ರದೊಳಗೇ ಪಿನ್ ಗೂಢಲಿಪಿಯಾಗುತ್ತದೆ, ಅಂಗಡಿಯವರಿಗೆ ಅದು ಕಾಣದು. ಸಂದೇಶ ಮೊದಲು ಅಂಗಡಿಯವರ ಬ್ಯಾಂಕಿಗೆ, ಅಲ್ಲಿಂದ ಜಾಲಕ್ಕೆ, ಜಾಲದಿಂದ ನಿಮ್ಮ ಬ್ಯಾಂಕಿಗೆ ಹೋಗುತ್ತದೆ. ನಿಮ್ಮ ಬ್ಯಾಂಕು ಪಿನ್, ಬಾಕಿ ಹಣ, ದಿನದ ಮಿತಿ ನೋಡಿ ಎರಡಂಕಿಯ ಉತ್ತರ ಕಳಿಸುತ್ತದೆ. 00 ಎಂದರೆ ಒಪ್ಪಿಗೆ, 51 ಎಂದರೆ ಹಣ ಸಾಲದು, 55 ಎಂದರೆ ಪಿನ್ ತಪ್ಪು. ಎಲ್ಲವೂ ಕೆಲವೇ ಸೆಕೆಂಡುಗಳ ಕೆಲಸ. ನಡುವೆ ಕೊಂಡಿ ಕಡಿದರೆ ಖಾತೆಯಿಂದ ಹಣ ಹೋಗಿ ಅಂಗಡಿಗೆ ಮುಟ್ಟದಿರುವುದೂ ಉಂಟು. ಎಟಿಎಂನಲ್ಲಿ ಹಣ ಬಾರದೆ ಖಾತೆಯಿಂದ ಕಡಿತವಾದರೆ ಐದು ದಿನಗಳೊಳಗೆ ಬ್ಯಾಂಕು ತಾನಾಗಿಯೇ ಮರಳಿಸಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ಇದು 2019ರ ರಿಸರ್ವ್ ಬ್ಯಾಂಕ್ ನಿಯಮ.

ಸಹಿಯ ಕಾಲ ನಮ್ಮಲ್ಲಿ ಮುಗಿದದ್ದು ಹಂತಹಂತವಾಗಿ. 2009ರ ಆಗಸ್ಟಿನಿಂದ ಆನ್‌ಲೈನ್ ಖರೀದಿಗೆ ಕಾರ್ಡಿನ ಮೇಲೆ ಕಾಣದ ಇನ್ನೊಂದು ಗುರುತು ಕಡ್ಡಾಯವಾಯಿತು. ಒಟಿಪಿ ನಮ್ಮ ಮನೆಗಳಿಗೆ ಬಂದದ್ದು ಆ ದಾರಿಯಲ್ಲಿ. 2013ರ ಡಿಸೆಂಬರಿನಿಂದ ಅಂಗಡಿಗಳಲ್ಲಿ ಡೆಬಿಟ್ ಕಾರ್ಡಿಗೆ ಪಿನ್ ಬಂತು. ಅದುವರೆಗೆ ಒಡತಿಯೇ ಬಂದಿದ್ದಾಳೆಯೇ ಎಂದು ಅಂಗಡಿಯವನು ಮುಖವನ್ನಾದರೂ ನೋಡಬಹುದಿತ್ತು. ಈಗ ಯಂತ್ರಕ್ಕೆ ಮುಖ ಕಾಣದು. ಪಿನ್ ಗೊತ್ತಿದ್ದವರೇ ಅದಕ್ಕೆ ಒಡೆಯರು.

ಇದರ ಬಿಸಿ ತಟ್ಟಿದ್ದು ಬೆಂಗಳೂರಿನ ಒಬ್ಬ ಬಾಣಂತಿಗೆ. 2013ರಲ್ಲಿ ಹೆರಿಗೆ ರಜೆಯಲ್ಲಿದ್ದ ಆಕೆ 25,000 ರೂಪಾಯಿ ತರಲು ಗಂಡನಿಗೆ ಕಾರ್ಡು ಮತ್ತು ಪಿನ್ ಕೊಟ್ಟರು. ಯಂತ್ರದಿಂದ ಚೀಟಿ ಬಂತು, ಹಣ ಬರಲಿಲ್ಲ. ಪ್ರಕರಣ ಗ್ರಾಹಕ ವೇದಿಕೆಯ ಮೆಟ್ಟಿಲೇರಿತು. ಪಿನ್ನನ್ನು ಗಂಡನಿಗೆ ಕೊಟ್ಟದ್ದೇ ನಿಯಮಭಂಗ ಎಂದು ಬ್ಯಾಂಕು ವಾದಿಸಿತು. 2018ರಲ್ಲಿ ತೀರ್ಪು ಬಂದಾಗ ಆಕೆ ಸೋತಿದ್ದರು. ಹಸುಗೂಸನ್ನು ಬಿಟ್ಟು ಎಟಿಎಂ ಸರದಿಯಲ್ಲಿ ನಿಲ್ಲಲಾಗದ ಹೆಣ್ಣುಮಗಳು ಗಂಡನನ್ನು ನಂಬಿದ್ದು ನಮಗೆ ತಪ್ಪೆನಿಸದು. ಆದರೆ ಬ್ಯಾಂಕಿನ ಕರಾರಿನಲ್ಲಿ ಗಂಡ, ಮಗಳು, ಅಳಿಯ ಎಂಬ ನೆಂಟಸ್ತಿಕೆಯಿಲ್ಲ. ಖಾತೆದಾರರು ಮತ್ತು ಇತರರು, ಅಷ್ಟೇ.

ಇದನ್ನು ಓದಿದ ರಾತ್ರಿ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಅಮ್ಮನ ಕಾರ್ಡಿನಲ್ಲಿ ಏನಾದರೂ ಎಡವಟ್ಟಾಗಿದ್ದರೆ ಅವಳ ಪರವಾಗಿ ಮಾತಾಡುವ ದಾರಿಯನ್ನು ಮುಚ್ಚಿದವಳು ನಾನೇ ಆಗುತ್ತಿದ್ದೆ. 2017ರ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ, ನಮ್ಮ ತಪ್ಪಿಲ್ಲದೆ ಹೊರಗಿನವರು ಹಣ ಲಪಟಾಯಿಸಿದಾಗ ಮೂರು ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದರೆ ನಷ್ಟ ನಮ್ಮದಲ್ಲ. ಪಿನ್ನನ್ನೋ ಒಟಿಪಿಯನ್ನೋ ನಾವೇ ಹೇಳಿಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದೇ. ಹಾಗಾಗಿ ಮೋಸವೆಂದು ಗೊತ್ತಾದ ಕೂಡಲೇ ಬ್ಯಾಂಕಿಗೂ 1930 ಸಹಾಯವಾಣಿಗೂ ಫೋನು ಮಾಡಬೇಕು. ಮನೆಯವರು ಬೈದಾರೆಂದು ಮುಚ್ಚಿಟ್ಟು ಎರಡು ದಿನ ಕಳೆಯುವುದೇ ದೊಡ್ಡ ನಷ್ಟ.

ಮರುವಾರ ರಜೆ ಹಾಕಿ ಅಮ್ಮನನ್ನು ಬ್ಯಾಂಕಿಗೆ ಕರೆದುಕೊಂಡು ಹೋದೆ. ಖಾತೆಗೆ ಅವಳದೇ ಮೊಬೈಲ್ ನಂಬರು ಬರೆಸಿದೆವು. ಹೊಸ ಕಾರ್ಡು ಬಂದಾಗ ವಿದೇಶದ ಬಳಕೆಯನ್ನು ಮುಚ್ಚಿಸಿ, ದಿನದ ಮಿತಿಯನ್ನು ಅವಳೇ ಹೇಳಿದಷ್ಟಕ್ಕೆ ಇಳಿಸಿದೆವು. ಆಮೇಲೆ ಪಿನ್ ಹಾಕಲು ಎಟಿಎಂಗೆ ಹೋದೆವು. ಕೈ ನಡುಗಿತು ನಿಜ. ಮೊದಲ ಸಲ ಎರಡು ಬಾರಿ ಬರೆದ ಅಂಕಿ ಹೊಂದಲಿಲ್ಲ. ನಾನು ಸಹಾಯಕ್ಕೆಂದು ಬಗ್ಗಿದೆ. ಅಮ್ಮ ಎಡಗೈಯನ್ನು ಅಡ್ಡ ಹಿಡಿದು, ತರಗತಿಯಲ್ಲಿ ನಕಲು ಮಾಡುವ ಮಕ್ಕಳಿಗೆ ಹೇಳುವ ದನಿಯಲ್ಲಿ, "ಆಚೆ ತಿರುಗು" ಎಂದಳು. ತಿರುಗಿದೆ. ಉಡುಪಿಯ ಟಿಕೆಟನ್ನು ಆ ತಿಂಗಳೇ ಅವಳೇ ಮಾಡಿಸಿಕೊಂಡಳು.

ಗೆಳತಿಯರೇ, ಈ ಸಂಚಿಕೆ ಓದಿ ಮುಗಿಸಿದ ಮೇಲೆ ನಿಮ್ಮ ಕಾರ್ಡು ಯಾರ ಪರ್ಸಿನಲ್ಲಿದೆ, ಒಟಿಪಿ ಯಾರ ಫೋನಿಗೆ ಬರುತ್ತದೆ ಎಂದು ಒಮ್ಮೆ ನೋಡಿ. ನಿಮ್ಮ ಅಮ್ಮನದ್ದನ್ನೂ ಅತ್ತೆಯದ್ದನ್ನೂ ನೋಡಿ. ಮುಂದಿನ ಸಭೆಗೆ ಬರುವಾಗ ಕಾರ್ಡು ತಂದರೆ ಮಿತಿ ಹಾಕುವುದು, ಬೇಡದ ಬಳಕೆ ಮುಚ್ಚುವುದು, ಪಿನ್ ಬದಲಿಸುವುದು ಹೇಗೆಂದು ಜೊತೆಗೆ ಕುಳಿತು ತೋರಿಸುತ್ತೇನೆ. ಪಿನ್ ಮಾತ್ರ ನನಗೂ ಹೇಳಬೇಡಿ.